ಬಲಬದಿಗೆ ಲೆಫ್ಟ್ ಶಾಟ್: ಐಸ್ ಹಾಕಿ ಡಿಫೆನ್ಸ್‌ನಲ್ಲಿ ಅರ್ಧ ಸೆಕೆಂಡಿನ ಲೆಕ್ಕ

2024ರ ಜುಲೈನಲ್ಲಿ ಟೊರೊಂಟೊ ಮೇಪಲ್ ಲೀಫ್ಸ್ ತಂಡ ಕ್ರಿಸ್ ಟ್ಯಾನೆವ್ ಅವರ ಜೊತೆ ಆರು ವರ್ಷದ ಒಪ್ಪಂದ ಮಾಡಿಕೊಂಡಿತು. ವರ್ಷಕ್ಕೆ 45 ಲಕ್ಷ ಡಾಲರ್. ಆಗ ಅವರಿಗೆ 34 ವರ್ಷ. ಗೋಲು ಹೊಡೆದು ಹೆಸರಾದವರಲ್ಲ, ಮೈಯೊಡ್ಡಿ ಶಾಟ್ ತಡೆಯುವುದರಲ್ಲಿ ಹೆಸರಾದವರು. 2025ರ ಮಾರ್ಚ್‌ನಲ್ಲಿ ಅದೇ ತಂಡ ಮೊದಲ ಸುತ್ತಿನ ಡ್ರಾಫ್ಟ್ ಪಿಕ್ (ಹೊಸ ಆಟಗಾರನನ್ನು ಆರಿಸಿಕೊಳ್ಳುವ ಸರದಿ) ಒಂದನ್ನೂ ಫ್ರೇಸರ್ ಮಿಂಟನ್ ಎಂಬ ಯುವ ಸೆಂಟರನ್ನೂ (ನಡುವಿನ ಫಾರ್ವರ್ಡ್) ಬಿಟ್ಟುಕೊಟ್ಟು ಬಾಸ್ಟನ್‌ನಿಂದ ಬ್ರ್ಯಾಂಡನ್ ಕಾರ್ಲೊ ಅವರನ್ನು ತಂದಿತು. ಮೂರು ತಿಂಗಳ ನಂತರ ಮಾಂಟ್ರಿಯಲ್ ತಂಡ 16 ಮತ್ತು 17ನೇ ಪಿಕ್‌ಗಳ ಜೊತೆ ಒಬ್ಬ ಫಾರ್ವರ್ಡ್‌ನನ್ನೂ ಕೊಟ್ಟು ನೋವಾ ಡಾಬ್ಸನ್ ಅವರನ್ನು ಪಡೆದು, ಎಂಟು ವರ್ಷಕ್ಕೆ ವರ್ಷಕ್ಕೆ 95 ಲಕ್ಷ ಡಾಲರ್‌ನಂತೆ ಕಟ್ಟಿಹಾಕಿತು. ಮೂವರ ವಯಸ್ಸು ಬೇರೆ, ಆಟದ ರೀತಿ ಬೇರೆ. ಆದರೆ ಮೂವರೂ ಡಿಫೆನ್ಸ್‌ಮನ್‌ಗಳು, ಮೂವರೂ ರೈಟ್ ಶಾಟ್.

ಈ ಬೆಲೆಯ ಹಿಂದಿರುವುದು ಒಂದೇ ಭಯ: ರೈಟ್ ಶಾಟ್ ಸಿಗದಿದ್ದರೆ ಲೆಫ್ಟ್ ಶಾಟ್ ಆಟಗಾರನನ್ನು ಬಲಬದಿಯಲ್ಲಿ ಆಡಿಸಬೇಕಾಗುತ್ತದೆ. ಹಾಗೆ ಆಡಿಸಿದರೆ ಏನು ಕೆಡುತ್ತದೆ, ಎಲ್ಲಿ ಕೆಡುತ್ತದೆ, ಎಲ್ಲಿ ಲಾಭವೇ ಆಗುತ್ತದೆ ಎಂಬುದನ್ನು ಬಿಡಿಸಿ ನೋಡಿದರೆ, ಈ ಭಯ ಅರ್ಧ ನಿಜ, ಅರ್ಧ ಅಭ್ಯಾಸಬಲ ಎಂದು ತಿಳಿಯುತ್ತದೆ.

ಮೊದಲು ಕೈ ಯಾವುದು ಎಂಬುದನ್ನು ಸರಿಮಾಡಿಕೊಳ್ಳೋಣ. ಲೆಫ್ಟ್ ಶಾಟ್ ಎಂದರೆ ಎಡಚ ಎಂದಲ್ಲ. ಸ್ಟಿಕ್ಕಿನ ತುದಿಯಲ್ಲಿ ಬಲಗೈ, ಕೆಳಗೆ ಎಡಗೈ, ಬ್ಲೇಡು ಮೈಯ ಎಡಕ್ಕೆ. ಇದು ಲೆಫ್ಟ್ ಶಾಟ್. ದೇವದತ್ತ ಪಡಿಕ್ಕಲ್ ಬೌಲಿಂಗ್ ಮಾಡುವುದು ಬಲಗೈಯಲ್ಲಿ, ಬ್ಯಾಟ್ ಮಾಡುವುದು ಎಡಗೈ ಆಟಗಾರನಾಗಿ. ಅವರ ಬ್ಯಾಟಿನ ಹಿಡಿತವನ್ನೇ ಐಸ್ ಹಾಕಿ ಸ್ಟಿಕ್ಕಿಗೆ ಹಚ್ಚಿದರೆ ಲೆಫ್ಟ್ ಶಾಟ್ ಆಗುತ್ತದೆ. ಕೆನಡಾದಲ್ಲಿ ಮಕ್ಕಳಿಗೆ ಬಲವಾದ ಕೈಯನ್ನು ಮೇಲಿಡಲು ಹೇಳಿಕೊಡುವ ರೂಢಿ ಇದೆ. ಬಲಗೈ ಬಳಸುವ ಮಗು ಹಾಗೆ ಹಿಡಿದರೆ ಲೆಫ್ಟ್ ಶಾಟ್ ಆಗಿಯೇ ಬೆಳೆಯುತ್ತದೆ. ಸ್ವೀಡನ್, ಫಿನ್‌ಲ್ಯಾಂಡ್, ರಷ್ಯಾಗಳಲ್ಲೂ ಇದೇ ಒಲವು. ಅಮೆರಿಕದಲ್ಲಿ ಮಾತ್ರ ಬೇಸ್‌ಬಾಲ್ ಬ್ಯಾಟಿನ ಹಿಡಿತದಿಂದ ಬರುವ ಮಕ್ಕಳು ಹೆಚ್ಚಾದ್ದರಿಂದ ರೈಟ್ ಶಾಟ್‌ಗಳ ಪಾಲು ತುಸು ಜಾಸ್ತಿ. ಒಟ್ಟಿನಲ್ಲಿ ಉತ್ತರ ಅಮೆರಿಕದ ವೃತ್ತಿಪರ ಲೀಗ್ ಎನ್‌ಎಚ್‌ಎಲ್‌ನಲ್ಲಿ ಲೆಫ್ಟ್ ಶಾಟ್‌ಗಳದೇ ಬಹುಮತ. ಒಂದು ತಂಡ ಪಂದ್ಯಕ್ಕೆ ಸಾಮಾನ್ಯವಾಗಿ ಆರು ಡಿಫೆನ್ಸ್‌ಮನ್‌ಗಳನ್ನು ಮೂರು ಜೋಡಿಯಾಗಿ ಇಳಿಸುತ್ತದೆ. 32 ತಂಡಗಳಿಗೆ ಬಲಬದಿಯ ಜಾಗ 96. ಅಷ್ಟು ಒಳ್ಳೆಯ ರೈಟ್ ಶಾಟ್‌ಗಳು ಲೀಗಿನಲ್ಲಿ ಇಲ್ಲ. ಹಾಗಾಗಿ ಯಾರೋ ಒಬ್ಬರು ಬದಿ ಬದಲಿಸಲೇಬೇಕು, ಮತ್ತು ಬದಲಿಸುವವರು ಹೆಚ್ಚಾಗಿ ಲೆಫ್ಟ್ ಶಾಟ್‌ಗಳೇ. ರೈಟ್ ಶಾಟ್ ಎಡಬದಿಗೆ ಬರುವುದು ಅಪರೂಪ. ಫ್ಲಾರಿಡಾದಲ್ಲಿದ್ದಾಗ ಆರನ್ ಎಕ್‌ಬ್ಲ್ಯಾಡ್ ಜೊತೆ ಎಡಬದಿಯಲ್ಲಿ ಆಡಿದ ಮೆಕೆಂಜಿ ವೀಗರ್ ಅಂಥ ಅಪರೂಪದವರು.

ನಮ್ಮ ಮೈದಾನದ ಹಾಕಿ ಬಲ್ಲವರಿಗೆ ಈ ಚರ್ಚೆ ವಿಚಿತ್ರ ಎನಿಸಬಹುದು. ಅಲ್ಲಿ ಎಡಗೈ ಸ್ಟಿಕ್ಕೇ ಇಲ್ಲ. ಎಲ್ಲರದೂ ಎಡಗೈ ಮೇಲೆ, ಬಲಗೈ ಕೆಳಗೆ. ಆಡುವುದು ಚಪ್ಪಟೆ ಮುಖದಿಂದ ಮಾತ್ರ. ಹೀಗಾಗಿ ಕೊಡಗಿನ ಮೈದಾನದ ಲೆಫ್ಟ್ ಬ್ಯಾಕ್ ಎಂದಿಗೂ ವಿರುದ್ಧ ಬದಿಯಲ್ಲೇ ಆಡುವವನು. ಚೆಂಡು ಸೈಡ್‌ಲೈನ್ ಕಡೆಗೆ ಹೋದರೆ ರಿವರ್ಸ್ ಸ್ಟಿಕ್‌ಗೆ ತಿರುಗಬೇಕು, ಒಳಗೆ ಬಂದರೆ ಸಲೀಸು. ಐಸ್ ಹಾಕಿಯಲ್ಲಿ ಬಲಬದಿಯ ಲೆಫ್ಟ್ ಶಾಟ್ ಅನುಭವಿಸುವುದು ಇದರ ಕನ್ನಡಿ ಬಿಂಬವನ್ನೇ. ಒಂದೇ ವ್ಯತ್ಯಾಸ: ಮೈದಾನದಲ್ಲಿ ಸೈಡ್‌ಲೈನ್ ದಾಟಿದರೆ ಆಟ ನಿಲ್ಲುತ್ತದೆ, ಇಲ್ಲಿ ಗೋಡೆ ಇದೆ, ಆಟ ನಿಲ್ಲುವುದಿಲ್ಲ, ಬೆನ್ನ ಹಿಂದೆ ತೊಂಬತ್ತು ಕಿಲೋ ತೂಗುವವನೊಬ್ಬ ಬರುತ್ತಿರುತ್ತಾನೆ.

ಬ್ಲೇಡಿನ ಬಾಗು

ಸ್ಟಿಕ್ಕಿನ ಎರಡು ಮುಖಗಳೂ ಒಂದೇ ಆಗಿದ್ದರೆ ಬದಿಯ ಪ್ರಶ್ನೆ ಇಷ್ಟು ದೊಡ್ಡದಾಗುತ್ತಿರಲಿಲ್ಲ. 1960ರ ದಶಕದವರೆಗೆ ಬ್ಲೇಡು ನೆಟ್ಟಗೇ ಇತ್ತು. ಷಿಕಾಗೊದ ಸ್ಟ್ಯಾನ್ ಮಿಕಿಟಾ, ಬಾಬಿ ಹಲ್ ಬಾಗಿದ ಬ್ಲೇಡಿನಿಂದ ಹೊಡೆಯತೊಡಗಿದ ಮೇಲೆ ಎಲ್ಲರೂ ಬಾಗಿಸಿದರು. ಈಗ ಎನ್‌ಎಚ್‌ಎಲ್ ನಿಯಮದಲ್ಲಿ ಬಾಗು ಹೆಚ್ಚೆಂದರೆ ಮುಕ್ಕಾಲು ಇಂಚು ಇರಬಹುದು. ಫೋರ್‌ಹ್ಯಾಂಡ್ ಮುಖ ಬೊಗಸೆಯಂತೆ, ಮೂರು ಇಂಚು ಅಗಲ, ಒಂದು ಇಂಚು ದಪ್ಪದ ಪಕ್ ಎಂಬ ರಬ್ಬರ್ ಬಿಲ್ಲೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಬ್ಯಾಕ್‌ಹ್ಯಾಂಡ್ ಮುಖ ಮಡಕೆಯ ಹೊರಮೈಯಂತೆ. ಪಕ್ ಅದರ ಮೇಲಿಂದ ಜಾರುತ್ತದೆ. ಬ್ಯಾಕ್‌ಹ್ಯಾಂಡ್‌ನಲ್ಲಿ ಮೂವತ್ತು ಅಡಿ ಪಾಸ್ ಕೊಟ್ಟರೆ ಪಕ್ ಮಲಗಿ ಹೋಗುವುದಕ್ಕಿಂತ ಉರುಳುತ್ತ, ನೆಗೆಯುತ್ತ ಹೋಗುವ ಸಂಭವ ಹೆಚ್ಚು. ಅದನ್ನು ಪಡೆಯುವ ವಿಂಗರ್, ಅಂದರೆ ಅಂಚಿನ ಫಾರ್ವರ್ಡ್, ಗೋಡೆಗೆ ಅಂಟಿ ನಿಂತಿರುತ್ತಾನೆ. ನೆಗೆಯುವ ಪಕ್ಕನ್ನು ತಹಬಂದಿಗೆ ತರುವ ಹೊತ್ತಿಗೆ ಎದುರಾಳಿ ಡಿಫೆನ್ಸ್‌ಮನ್ ಅವನ ಮೈಮೇಲೆ ಬಂದಿರುತ್ತಾನೆ. ತಪ್ಪು ವಿಂಗರ್‌ನದು ಎಂದು ಕಾಣುತ್ತದೆ, ಹುಟ್ಟಿದ್ದು ಮೂವತ್ತು ಅಡಿ ಹಿಂದೆ.

ತನ್ನ ವಲಯದಲ್ಲಿ ತೆರುವ ಬೆಲೆ

ಎದುರಾಳಿ ಪಕ್ಕನ್ನು ನಿಮ್ಮ ಬಲಮೂಲೆಗೆ ಎಸೆದಿದ್ದಾನೆ ಎಂದುಕೊಳ್ಳಿ. ಬಲ ಡಿಫೆನ್ಸ್‌ಮನ್ ತಿರುಗಿ ಹಿಂದಕ್ಕೆ ಓಡಬೇಕು, ಪಕ್ ಎತ್ತಿಕೊಳ್ಳಬೇಕು, ಮತ್ತೆ ಮುಂದಕ್ಕೆ ತಿರುಗಬೇಕು. ಆಗ ಅವನಿಗಿರುವ ದಾರಿ ಐದು: ಅದೇ ಗೋಡೆಯುದ್ದಕ್ಕೂ ಮೇಲಕ್ಕೆ ಪಾಸ್, ಜೊತೆಗಾರನಿಗೆ ಅಡ್ಡಪಾಸ್, ತಾನೇ ಗೋಲಿನ ಹಿಂದಿನಿಂದ ಸುತ್ತಿ ಹೊರಡುವುದು, ಬಂದ ದಿಕ್ಕಿಗೇ ಹಿಂದಕ್ಕೆ ಬಿಡುವುದು, ಗೋಡೆಗೆ ಜೋರಾಗಿ ಬಡಿದು ಸುತ್ತಿಸುವುದು. ಬದಿ ಬದಲಾದಾಗ ಈ ಐದೂ ಸಮನಾಗಿ ಕೆಡುವುದಿಲ್ಲ. ಇದನ್ನು ಗಮನಿಸದೆ ಮಾಡುವ ಚರ್ಚೆಯೆಲ್ಲ ಬರಿ ಗದ್ದಲ.

ಹೆಚ್ಚು ಕೆಡುವುದು ಮೊದಲನೆಯದು. ಮುಂದಕ್ಕೆ ಮುಖ ಮಾಡಿ ನಿಂತರೆ ಗೋಡೆ ಬಲಕ್ಕಿದೆ. ರೈಟ್ ಶಾಟ್‌ನ ಬ್ಲೇಡೂ ಬಲಕ್ಕೆ. ಪಕ್ ಗೋಡೆಗೂ ಮೈಗೂ ನಡುವೆ ಇರುತ್ತದೆ. ನಡುಭಾಗದಿಂದ ಒತ್ತಿ ಬರುವವನಿಗೆ ಅಡ್ಡವಾಗಿ ಮೈ ನಿಂತಿದೆ. ಲೆಫ್ಟ್ ಶಾಟ್‌ನ ಬ್ಲೇಡು ನಡುಭಾಗದ ಕಡೆ. ಪಕ್ ಬಯಲಿಗೆ ಬಿದ್ದಿದೆ, ಒತ್ತಿ ಬರುವವನ ಸ್ಟಿಕ್ಕಿಗೆ ನೇರ ಸಿಗುವಂತೆ. ಸಮಯವಿದ್ದರೆ ಎದೆಯನ್ನು ನಡುಭಾಗಕ್ಕೆ ತೆರೆದು ಫೋರ್‌ಹ್ಯಾಂಡ್‌ನಲ್ಲೇ ಕೊಡಬಹುದು, ಹಾಗೆ ನಿಂತಾಗ ಇಡೀ ರಿಂಕ್ ಚೆನ್ನಾಗಿಯೇ ಕಾಣುತ್ತದೆ. ಸಮಯವಿಲ್ಲದಿದ್ದರೆ ಉಳಿಯುವುದು ಬ್ಯಾಕ್‌ಹ್ಯಾಂಡ್. ಅಂದರೆ ವಿರುದ್ಧ ಬದಿಯ ಕಷ್ಟ ಪಾಸಿನದಲ್ಲ, ಒತ್ತಡದಲ್ಲಿ ಕೊಡುವ ಪಾಸಿನದು.

ಎರಡನೆಯ ತೊಡಕು ಅಡ್ಡಪಾಸ್ ಪಡೆಯುವುದರಲ್ಲಿ. ಎಡಗಡೆಯ ಜೊತೆಗಾರ ಪಕ್ ಕಳಿಸುತ್ತಾನೆ. ಬಲಬದಿಯ ರೈಟ್ ಶಾಟ್ ಅವನತ್ತ ಅರ್ಧ ತಿರುಗಿದರೂ ಬ್ಲೇಡು ಮುಂದಿನ ದಿಕ್ಕಿಗೇ ಇರುತ್ತದೆ. ಪಕ್ ಬಂದು ಬೊಗಸೆಗೆ ಬೀಳುತ್ತದೆ, ಮರುಗಳಿಗೆ ಹೆಜ್ಜೆ ಕಿತ್ತಿರುತ್ತಾನೆ. ಲೆಫ್ಟ್ ಶಾಟ್ ಅದೇ ರೀತಿ ತಿರುಗಿದರೆ ಬ್ಲೇಡು ಸ್ವಂತ ಗೋಲಿನ ಕಡೆಗಿರುತ್ತದೆ. ಹಿಡಿದ ಪಕ್ಕನ್ನು ಮೈ ಸುತ್ತ ತಂದು ಮುಂದೆ ಹೊರಡಬೇಕು. ತಿರುಗದೆ ಮುಂದಕ್ಕೇ ನೋಡುತ್ತ ನಿಂತರೆ ಪಕ್ ಬಂದು ಬಡಿಯುವುದು ಬ್ಲೇಡಿನ ಹೊರಮೈಗೆ. ಎರಡರಲ್ಲೂ ಅರ್ಧ ಸೆಕೆಂಡ್ ಹೋಯಿತು. ಪೂರ್ತಿ ವೇಗದಲ್ಲಿರುವ ಫಾರ್ವರ್ಡ್ ಅರ್ಧ ಸೆಕೆಂಡಿನಲ್ಲಿ ಹದಿನೈದು ಅಡಿ ಸುಲಭವಾಗಿ ದಾಟುತ್ತಾನೆ.

ಮೂರನೆಯ ದಾರಿ, ಗೋಲಿನ ಹಿಂದೆ ಸುತ್ತುವುದು, ಕೆಡುವುದೇ ಇಲ್ಲ. ಬಲಮೂಲೆಯಿಂದ ಹೊರಟ ಲೆಫ್ಟ್ ಶಾಟ್ ಗೋಲಿನ ಆಚೆ ತಲುಪಿದಾಗ ಅವನಿರುವುದು ಎಡಬದಿಯಲ್ಲಿ, ಅಂದರೆ ತನ್ನ ಬದಿಯಲ್ಲೇ. ಕಾಲಿನಲ್ಲಿ ವೇಗವಿರುವವನಿಗೆ ಇದೇ ಪಾರಾಗುವ ದಾರಿ, ಟಿ. ಜೆ. ಬ್ರೋಡಿ, ಮಿರೊ ಹೆಯ್‌ಸ್ಕನೆನ್ ಥರದವರು ಬಲಬದಿಯಲ್ಲಿ ವರ್ಷಗಟ್ಟಲೆ ನಿಲ್ಲಲು ಕಾಲೇ ಮುಖ್ಯ ಕಾರಣ, ಕೈ ಆಮೇಲೆ.

2005ರಲ್ಲಿ ಲೀಗ್ ನಿಯಮ ಬದಲಿಸಿದ್ದು ಈ ಎಲ್ಲವನ್ನೂ ಬಿಗಿಮಾಡಿತು. ಎರಡು ಗೆರೆ ದಾಟುವ ಪಾಸಿನ ಮೇಲಿದ್ದ ನಿಷೇಧ ಹೋಯಿತು, ಆಟದ ವೇಗ ಏರಿತು. ಅದೇ ವರ್ಷ ಗೋಲಿನ ಹಿಂದೆ ಒಂದು ಚತುರ್ಭುಜ ಬರೆದು, ಗೋಲ್ ಲೈನಿನ ಹಿಂದೆ ಅದರ ಹೊರಗಿರುವ ಪಕ್ಕನ್ನು ಗೋಲಿ (ಗೋಲ್‌ಕೀಪರ್) ಮುಟ್ಟಿದರೆ ಎರಡು ನಿಮಿಷದ ಶಿಕ್ಷೆ ಎಂದು ಗೊತ್ತುಮಾಡಿದರು. ಅಲ್ಲಿಯವರೆಗೆ ಮೂಲೆಗೆ ಬಂದ ಪಕ್ಕನ್ನು ಚುರುಕಾದ ಗೋಲಿಯೇ ಎತ್ತಿ ಸಾಗಿಸುತ್ತಿದ್ದ. ಈಗ ಆ ಕೆಲಸ ಪೂರ್ತಿ ಡಿಫೆನ್ಸ್‌ಮನ್ ತಲೆಗೆ. ವಿರುದ್ಧ ಬದಿಯ ದೌರ್ಬಲ್ಯ ಬಯಲಾಗುವ ಗಳಿಗೆ ಯಾವುದೋ, ಅಂಥ ಗಳಿಗೆಗಳನ್ನೇ ನಿಯಮ ಹೆಚ್ಚಿಸಿತು. ರೈಟ್ ಶಾಟ್‌ಗಳ ಬೆಲೆ ಏರಿದ್ದಕ್ಕೆ ತರಬೇತುದಾರರ ಗೀಳಿನಷ್ಟೇ ಈ ಚತುರ್ಭುಜವೂ ಕಾರಣ ಎನ್ನಬೇಕು.

ಆ ಕಡೆಯ ಬ್ಲೂ ಲೈನ್

ದಾಳಿಯ ವಲಯದಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ. ಅಡ್ಡಪಾಸ್ ಪಡೆಯುವಾಗ ಸ್ವಂತ ವಲಯದಲ್ಲಿ ತೊಡಕಾದ ನಿಲುವೇ ಇಲ್ಲಿ ವನ್-ಟೈಮರ್‌ನ ನಿಲುವು. ಜೊತೆಗಾರನತ್ತ ಎದೆ, ಬಲಭುಜ ಗೋಲಿನತ್ತ, ಬ್ಲೇಡು ಹಿಂದೆ. ಬಂದ ಪಕ್ಕನ್ನು ನಿಲ್ಲಿಸದೆ ಬಾರಿಸಬಹುದು. ಬಲಬದಿಯ ರೈಟ್ ಶಾಟ್‌ಗೆ ಅದೇ ಪಾಸ್ ಮೈಯನ್ನು ದಾಟಿ ಬರಬೇಕು. ನಿಲ್ಲಿಸಿಕೊಂಡು ಹೊಡೆಯುವ ಹೊತ್ತಿಗೆ ಗೋಲಿ ಜಾಗಕ್ಕೆ ಬಂದಿರುತ್ತಾನೆ.

ಕೋನವೂ ಸುಧಾರಿಸುತ್ತದೆ. ದಾಳಿಯ ವಲಯ ಶುರುವಾಗುವ ಬ್ಲೂ ಲೈನ್ ಗೋಲ್ ಲೈನಿನಿಂದ 64 ಅಡಿ ದೂರ. ನಿಂತ ಆಟವನ್ನು ಮತ್ತೆ ಶುರುಮಾಡುವ ಫೇಸ್-ಆಫ್ ಚುಕ್ಕೆ ನಡುಗೆರೆಯಿಂದ 22 ಅಡಿ ಪಕ್ಕಕ್ಕೆ. ಆ ಚುಕ್ಕೆಯ ನೇರದಲ್ಲಿ ನಿಂತವನ ಬ್ಲೇಡು ನಾಲ್ಕು ಅಡಿ ಗೋಡೆಯ ಕಡೆಗಿದ್ದರೆ ಗೋಲಿನ ನಡುವಿನಿಂದ ಶಾಟಿನ ಓರೆ ಸುಮಾರು 22 ಡಿಗ್ರಿ. ನಾಲ್ಕು ಅಡಿ ಒಳಗಿದ್ದರೆ ಸುಮಾರು 16. ಆರು ಅಡಿ ಅಗಲದ ಗೋಲಿಗೆ ಹೊಡೆಯುವಾಗ ಈ ಆರು ಡಿಗ್ರಿಗಿಂತ ಮುಖ್ಯವಾದದ್ದು ಇನ್ನೊಂದಿದೆ: ಎದುರು ನಿಂತು ತಡೆಯುವ ವಿಂಗರ್‌ನ ಕಾಲು ಸಾಮಾನ್ಯವಾಗಿ ಆಟಗಾರನ ಮೈಗೆ ನೇರವಾಗಿರುತ್ತದೆ, ಬ್ಲೇಡಿಗಲ್ಲ. ಒಳಗಿನ ಬ್ಲೇಡಿನಿಂದ ಹೊರಟ ಪಕ್ ಆ ಕಾಲನ್ನು ತಪ್ಪಿಸಿಕೊಂಡು ಹೋಗುತ್ತದೆ.

ಕಳೆದುಕೊಳ್ಳುವುದೂ ಇದೆ, ಗೋಡೆಯ ಬದಿಯಲ್ಲಿ. ಎದುರಾಳಿ ತನ್ನ ಮೂಲೆಯಿಂದ ಪಕ್ಕನ್ನು ಗೋಡೆಗುಂಟ ಹೊರಗೆ ಬಡಿಯುತ್ತಾನೆ. ಬ್ಲೂ ಲೈನ್ ದಾಟದಂತೆ ತಡೆಯಬೇಕು. ರೈಟ್ ಶಾಟ್ ಬ್ಲೇಡನ್ನು ಗೋಡೆಗೆ ಒತ್ತಿದರೆ ಮುಗಿಯಿತು. ಲೆಫ್ಟ್ ಶಾಟ್ ಮೈಯಡ್ಡ ಕೈಚಾಚಿ ಹೊರಮೈ ಬ್ಲೇಡಿನಿಂದ ತಡೆಯಲು ಹೋಗುತ್ತಾನೆ. ಪಕ್ ಬಡಿದು ಹಾರಿ ಅವನ ಹಿಂದೆ ಬೀಳುತ್ತದೆ, ಇಬ್ಬರು ಒಬ್ಬನ ಮೇಲೆ ಓಡಿಬರುತ್ತಾರೆ. ವಿರುದ್ಧ ಬದಿಯವರ ಹೆಸರಿಗೆ ಬರೆಯುವ ಗೋಲುಗಳು ಹುಟ್ಟುವ ಒಂದು ಮುಖ್ಯ ಜಾಗ ಇದು. ಪರಿಹಾರವೇನೂ ಗುಟ್ಟಿನದಲ್ಲ: ಸ್ಟಿಕ್ ನಂಬಬೇಡಿ. ಮೊದಲು ಬಲ ಮೊಣಕಾಲು, ಸೊಂಟ ಗೋಡೆಗೆ ಅಂಟಲಿ, ಪಕ್ ಮೈಗೆ ಬಡಿದು ಕಾಲ ಬಳಿ ಬೀಳಲಿ, ಆಮೇಲೆ ಸ್ಟಿಕ್. ತಡವಾಗಿ ತಲುಪುತ್ತೇನೆ ಎನಿಸಿದರೆ ಮುಂದೆ ನುಗ್ಗದೆ ಹಿಂದಕ್ಕೆ ಸರಿಯುವುದೇ ಮೇಲು.

ಎದುರಾಳಿ ಪಕ್ ಹಿಡಿದು ನುಗ್ಗಿ ಬರುವಾಗ ಯಾವ ಕೈ ಲೇಸು ಎಂಬುದರಲ್ಲಿ ಮಾತ್ರ ಜಗಳಕ್ಕೆ ನಿಜವಾಗಿಯೂ ಎಡೆ ಇದೆ. ಹಿಂದಕ್ಕೆ ಸ್ಕೇಟ್ ಮಾಡುವ ಡಿಫೆನ್ಸ್‌ಮನ್ ಸ್ಟಿಕ್ಕನ್ನು ಒಂದೇ ಕೈಯಲ್ಲಿ, ಮೇಲಿನ ಕೈಯಲ್ಲಿ ಹಿಡಿದಿರುತ್ತಾನೆ. ಬಲಬದಿಯ ಲೆಫ್ಟ್ ಶಾಟ್‌ಗೆ ಅದು ಬಲಗೈ, ಗೋಡೆ ಬದಿಯದು. ಹೊರಗಿನಿಂದ ಸುತ್ತಿ ಹೋಗಲು ನೋಡುವವನ ಪಕ್ಕಿಗೆ ಈ ಕೈ ದೂರ ಚಾಚುತ್ತದೆ. ಆದರೆ ಒಳಗಿನ ಪಾಸಿನ ದಾರಿ ಮುಚ್ಚಲು ಅದೇ ಕೈ ಮೈಯಡ್ಡ ಬರಬೇಕು. ರೈಟ್ ಶಾಟ್‌ಗೆ ಇದರ ತಿರುವು. ಅಪಾಯ ಹೆಚ್ಚು ಒಳದಾರಿಯಲ್ಲೇ ಇರುವುದರಿಂದ ತನ್ನ ಬದಿಯವನಿಗೆ ತುಸು ಮೇಲುಗೈ ಎನ್ನಬಹುದು. ಅದಕ್ಕಿಂತ ಹೆಚ್ಚು ಹೇಳಿದರೆ ಉತ್ಪ್ರೇಕ್ಷೆ.

ಆಡಿದವರನ್ನು ನೋಡಿದರೆ

ಎಡ-ಬಲ ಜೋಡಿ ಪಕ್ಷದವರು ಮೊದಲು ತೆಗೆಯುವ ಸಾಕ್ಷಿ 2014ರ ಸೋಚಿ ಒಲಿಂಪಿಕ್ಸ್. ಕೆನಡಾದ ಕೋಚ್ ಮೈಕ್ ಬ್ಯಾಬ್‌ಕಾಕ್ ನಾಲ್ಕು ಲೆಫ್ಟ್, ನಾಲ್ಕು ರೈಟ್ ಶಾಟ್‌ಗಳನ್ನು ಒಯ್ದರು. ಡಂಕನ್ ಕೀತ್ ಜೊತೆ ಶೇ ವೆಬರ್, ವ್ಲಾಸಿಕ್ ಜೊತೆ ಡ್ರೂ ಡೌಟಿ, ಬೌಮೀಸ್ಟರ್ ಜೊತೆ ಪಿಯೆಟ್ರಾಂಜೆಲೊ. ಆರು ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು ಮೂರೇ ಗೋಲು, ಚಿನ್ನ ಬಂತು. ಸಾಕ್ಷಿ ಚೆನ್ನಾಗಿದೆ, ಆದರೆ ಆ ಆರು ಮಂದಿಯನ್ನು ಹೇಗೆ ಜೋಡಿಸಿದರೂ ಎದುರಾಳಿಗೆ ಗೋಲು ಸುಲಭವಾಗುತ್ತಿರಲಿಲ್ಲ. ಎಷ್ಟು ಶ್ರೇಯಸ್ಸು ಕೈಗೆ, ಎಷ್ಟು ಗೋಲಿ ಕೇರಿ ಪ್ರೈಸ್‌ಗೆ, ಬೇರ್ಪಡಿಸಲಾಗದು.

ಎದುರು ಸಾಕ್ಷಿಯೂ ಗಟ್ಟಿಯಾಗಿಯೇ ಇದೆ. ಷಿಕಾಗೊ 2013ರಲ್ಲಿ ಲೀಗಿನ ಸ್ಟ್ಯಾನ್ಲಿ ಕಪ್ ಗೆದ್ದಾಗ ಎದುರಾಳಿಯ ಅತ್ಯುತ್ತಮ ಫಾರ್ವರ್ಡ್‌ಗಳನ್ನು ಕಟ್ಟಿಹಾಕುವ ಕೆಲಸ ಹೊತ್ತಿದ್ದ ಜೋಡಿ ಜಾನಿ ಒಡೂಯಾ, ನಿಕ್ಲಾಸ್ ಯಾಲ್ಮರ್ಸನ್. ಇಬ್ಬರೂ ಲೆಫ್ಟ್ ಶಾಟ್, ಯಾಲ್ಮರ್ಸನ್ ಬಲಕ್ಕೆ. 2023ರಲ್ಲಿ ಗೆದ್ದ ವೇಗಸ್‌ನಲ್ಲಿ ಬ್ರೇಡನ್ ಮೆಕ್‌ನಾಬ್, ಶೇ ಥಿಯೊಡೋರ್ ಜೋಡಿಯೂ ಹಾಗೇ. ಕ್ಯಾಲ್ಗರಿಯ ಮಾರ್ಕ್ ಜಿಯೊರ್ಡಾನೊ 2019ರಲ್ಲಿ ಅತ್ಯುತ್ತಮ ಡಿಫೆನ್ಸ್‌ಮನ್‌ಗೆ ಕೊಡುವ ನಾರಿಸ್ ಟ್ರೋಫಿ ಪಡೆದ ಋತುವಿನಲ್ಲಿ ಪಕ್ಕದಲ್ಲಿದ್ದವರು ಬಲಬದಿಯ ಲೆಫ್ಟ್ ಶಾಟ್ ಬ್ರೋಡಿ. ಇನ್ನೂ ಹಿಂದೆ ಹೋದರೆ 1980ರ ದಶಕದ ಸೋವಿಯತ್ ಐವರು: ಫೆಟಿಸೊವ್, ಕಸಾಟೊನೊವ್, ಲರಿಯೊನೊವ್, ಮಕಾರೊವ್, ಕ್ರುಟೊವ್. ಐವರೂ ಲೆಫ್ಟ್ ಶಾಟ್! ಬದಿಯ ತಕರಾರನ್ನೇ ಅವರ ಆಟ ಎತ್ತಲಿಲ್ಲ. ಕಾರಣ ಮಾಯವಲ್ಲ: ಅವರು ಆಡಿದ ಅಂತರರಾಷ್ಟ್ರೀಯ ರಿಂಕ್ 30 ಮೀಟರ್ ಅಗಲದ್ದು, ಎನ್‌ಎಚ್‌ಎಲ್‌ನದು 85 ಅಡಿ, ಅಂದರೆ 26 ಮೀಟರಿಗೂ ಚೂರು ಕಡಿಮೆ, ಅಷ್ಟು ಬಯಲಿನಲ್ಲಿ ಒತ್ತಡ ಬಂದರೆ ಹಿಂದಕ್ಕೆ ಪಾಸ್ ಮಾಡಿ ಮತ್ತೆ ಕಟ್ಟುತ್ತಿದ್ದರು, ಗೋಡೆಗುಂಟ ಬಡಿದು ಕಳಿಸುವ ಆಟ ಅವರದಲ್ಲ. ವಿರುದ್ಧ ಬದಿಯ ಬೆಲೆಯನ್ನು ಕೈಯಷ್ಟೇ ಅಲ್ಲ, ತಂಡದ ಆಟದ ರೀತಿಯೂ ನಿರ್ಧರಿಸುತ್ತದೆ.

ವ್ಯಾಂಕೂವರ್ ಮಾಡಿದ ಪ್ರಯೋಗ ಇನ್ನೊಂದು ಮುಖ. 2022ರ ತರಬೇತಿ ಶಿಬಿರದಲ್ಲಿ ಕ್ವಿನ್ ಹ್ಯೂಸ್ ಅವರನ್ನು ಬಲಬದಿಗೆ ಹಾಕಿ ನೋಡಿದರು. ಲೀಗಿನಲ್ಲೇ ಚುರುಕಾದ ಸ್ಕೇಟರ್‌ಗಳಲ್ಲಿ ಒಬ್ಬರು. ಅವರಿಗಾಗದೆ ಇನ್ನಾರಿಗೆ ಆದೀತು ಎಂಬುದು ಲೆಕ್ಕ. ಪ್ರಯೋಗ ಬಹುಕಾಲ ಉಳಿಯಲಿಲ್ಲ. 2023ರ ಮಾರ್ಚ್‌ನಲ್ಲಿ ಮೊದಲ ಮತ್ತು ಎರಡನೇ ಸುತ್ತಿನ ಪಿಕ್ ಕೊಟ್ಟು ಡೆಟ್ರಾಯ್ಟ್‌ನಿಂದ ರೈಟ್ ಶಾಟ್ ಫಿಲಿಪ್ ಹ್ರೋನೆಕ್ ಅವರನ್ನು ತಂದರು. ಹ್ಯೂಸ್ ಎಡಬದಿಯಲ್ಲಿ ಅವರ ಜೊತೆ ಆಡಿ 2024ರ ನಾರಿಸ್ ಗೆದ್ದರು. ಇದರಿಂದ ಹ್ಯೂಸ್ ಬಲಬದಿಗೆ ಆಗದವರು ಎಂದು ತೀರ್ಮಾನಿಸುವುದು ತಪ್ಪು. ಎಡಬದಿಯಲ್ಲಿ ಲೀಗಿಗೇ ಮೊದಲಿಗನಾಗಬಲ್ಲವನನ್ನು ಬಲಬದಿಯಲ್ಲಿ ಬರಿ ಒಳ್ಳೆಯವನನ್ನಾಗಿ ಮಾಡುವುದು ದುಬಾರಿ, ಅಷ್ಟೆ. ಬದಿ ಬದಲಿಸಬೇಕಾದರೆ ಜೋಡಿಯ ಎರಡನೆಯವನನ್ನು ಬದಲಿಸಬೇಕು, ಮೊದಲನೆಯವನನ್ನಲ್ಲ.

ಅಂಕಿ ಅಂಶ ನೋಡುವವರಿಗೆ ಇಲ್ಲೊಂದು ಬಲೆ ಇದೆ. ತನ್ನ ಬದಿಯಲ್ಲಿ ಆಡಿದವರ ಸರಾಸರಿಯನ್ನೂ ವಿರುದ್ಧ ಬದಿಯವರ ಸರಾಸರಿಯನ್ನೂ ಪಕ್ಕಪಕ್ಕ ಇಟ್ಟರೆ ಅಂತರ ಸಣ್ಣದಾಗಿ ಕಾಣಬಹುದು. ಆದರೆ ಕೋಚ್ ಬಲಕ್ಕೆ ಕಳಿಸುವುದು ತಡೆದುಕೊಳ್ಳಬಲ್ಲವನನ್ನು. ತತ್ತರಿಸುವವನನ್ನು ಮೂರು ಪಂದ್ಯಕ್ಕೇ ಹಿಂದೆ ಕರೆಯುತ್ತಾನೆ. ಉಳಿದವರ ಅಂಕಿಯನ್ನೇ ನಾವು ನೋಡುವುದು. ಒಬ್ಬನೇ ಆಟಗಾರ ಎರಡೂ ಬದಿಯಲ್ಲಿ ಆಡಿದ ನಿಮಿಷಗಳನ್ನು, ಅದೂ ಒಂದೇ ಮಟ್ಟದ ಜೊತೆಗಾರರ ಜೊತೆ ಆಡಿದ್ದನ್ನು, ಹೋಲಿಸಿದರೆ ಮಾತ್ರ ಏನಾದರೂ ತಿಳಿದೀತು. ಗೋಲುಗಳಿಗಿಂತ ತನ್ನ ವಲಯದಿಂದ ಪಕ್ ಹಿಡಿತ ತಪ್ಪದೆ ಹೊರಬಂದ ಬಾರಿಗಳನ್ನು ಎಣಿಸುವುದು ಇಲ್ಲಿ ಹೆಚ್ಚು ನಂಬಲರ್ಹ.

ಬದಿ ಬದಲಿಸುವವನ ಕೆಲಸ

ಕೋಚ್ ನಿರ್ಧರಿಸಿಯಾಯಿತು, ಲೆಫ್ಟ್ ಶಾಟ್ ಬಲಕ್ಕೆ ಹೋಗಬೇಕು. ಮೊದಲು ಕಲಿಯಬೇಕಾದ್ದು ಮೂಲೆಗೆ ಹೋಗುವ ದಾರಿ. ನೇರ ಗೆರೆಯಲ್ಲಿ ಪಕ್ಕಿನ ಮೇಲೆ ಹೋದರೆ ಬೆನ್ನು ಪೂರ್ತಿ ಆಟಕ್ಕೆ ತಿರುಗಿರುತ್ತದೆ. ಬದಲು, ನಡುಭಾಗದಿಂದ ಬಾಗಿದ ದಾರಿಯಲ್ಲಿ ಹೋಗಿ ಪಕ್ ತಲುಪುವಾಗ ಸೊಂಟ ಅರ್ಧ ತೆರೆದಿರಬೇಕು. ಭುಜದ ಮೇಲಿಂದ ಎರಡು ಸಲ ಹಿಂತಿರುಗಿ ನೋಡುವುದು: ಮೊದಲನೆಯದು ಹೊರಟ ಕೂಡಲೇ, ಎಷ್ಟು ಮಂದಿ ಬರುತ್ತಿದ್ದಾರೆ ಎಂದು, ಎರಡನೆಯದು ಪಕ್ ಮುಟ್ಟುವ ಎರಡು ಹೆಜ್ಜೆ ಮುಂಚೆ, ಯಾವ ಭುಜದ ಕಡೆಯಿಂದ ಎಂದು. ಎರಡನೆಯ ನೋಟ ತಪ್ಪಿದವನು ಪಕ್ ಕಳೆದುಕೊಳ್ಳುವುದಷ್ಟೇ ಅಲ್ಲ, ಗೋಡೆಗೆ ಮುಖ ಮಾಡಿದ್ದಾಗ ಪೆಟ್ಟು ತಿನ್ನುತ್ತಾನೆ.

ಬ್ಯಾಕ್‌ಹ್ಯಾಂಡ್ ಕಲಿಯದೆ ಬೇರೆ ದಾರಿಯಿಲ್ಲ. ಸರಾಸರಿ ಆಟಗಾರ ಅಭ್ಯಾಸದಲ್ಲಿ ಅದನ್ನು ಮುಟ್ಟುವುದೇ ಕಡಿಮೆ. ದಿನಕ್ಕೆ ಹದಿನೈದು ನಿಮಿಷ ಸಾಕು: ಮೂವತ್ತು ಅಡಿ ದೂರಕ್ಕೆ ನೆಲಬಿಡದ ಬ್ಯಾಕ್‌ಹ್ಯಾಂಡ್ ಪಾಸ್ ಇಪ್ಪತ್ತು, ಎಡದಿಂದ ಬಂದ ಪಕ್ಕನ್ನು ಹೊರಮೈಯಲ್ಲಿ ಮೆತ್ತಗೆ ಹಿಡಿದು ಎರಡು ಹೆಜ್ಜೆಯಲ್ಲಿ ಫೋರ್‌ಹ್ಯಾಂಡ್‌ಗೆ ತರುವುದು ಇಪ್ಪತ್ತು, ಗೋಡೆಗುಂಟ ಜೋರಾಗಿ ಬಂದದ್ದನ್ನು ಮೊಣಕಾಲಿನಿಂದ ನಿಲ್ಲಿಸುವುದು ಹತ್ತು. ಪಾಸ್ ಉರುಳುತ್ತಿದ್ದರೆ ಕಾರಣ ಹೆಚ್ಚಾಗಿ ಒಂದೇ: ಮೇಲಿನ ಕೈ ಮೈಗೆ ಅಂಟಿದೆ. ಅದನ್ನು ಮೈಯಿಂದ ದೂರ ತಂದರೆ ಬ್ಲೇಡು ಪಕ್ಕಿನ ಮೇಲೆ ಮುಚ್ಚಿಕೊಳ್ಳುತ್ತದೆ. ಆಳವಾದ ತುದಿಬಾಗಿನ ಬ್ಲೇಡು ಇಟ್ಟುಕೊಂಡು ಬಲಬದಿಗೆ ಹೋಗುವುದು ತನಗೆ ತಾನೇ ಮಾಡಿಕೊಳ್ಳುವ ಅನ್ಯಾಯ; ಕಡಿಮೆ ಬಾಗಿನದಕ್ಕೆ ಬದಲಾಯಿಸಬೇಕು. ಸ್ಟಿಕ್ ಒಂದಿಂಚು ಗಿಡ್ಡವಾದರೆ ಬ್ಯಾಕ್‌ಹ್ಯಾಂಡ್‌ಗೆ ಸಲೀಸು, ಆದರೆ ಚಾಚು ಹೋಗುತ್ತದೆ. ಎತ್ತರದ ಆಟಗಾರ ಈ ವಿನಿಮಯಕ್ಕೆ ಒಪ್ಪಬಹುದು, ಗಿಡ್ಡನೆಯವ ಒಪ್ಪಬಾರದು.

ಉಳಿದ ನಾಲ್ವರೂ ಹೊಂದಿಕೊಳ್ಳಬೇಕು, ತಂಡಗಳು ಮರೆಯುವುದು ಇದನ್ನೇ. ಬಲ ವಿಂಗರ್ ಗೋಡೆಗೆ ಅಂಟದೆ ನಾಲ್ಕೈದು ಅಡಿ ಒಳಗೆ ನಿಂತರೆ ಲೆಫ್ಟ್ ಶಾಟ್‌ನ ಫೋರ್‌ಹ್ಯಾಂಡ್ ದಾರಿಗೆ ಸಿಗುತ್ತಾನೆ. ಸೆಂಟರ್ ಇನ್ನಷ್ಟು ಕೆಳಗೆ, ಗೋಲಿನ ಹತ್ತಿರ ಬರಬೇಕು; ಒಳಗಿನ ಚಿಕ್ಕ ಪಾಸ್ ವಿರುದ್ಧ ಬದಿಯವನಿಗೆ ಸಹಜವಾದ ಪಾಸ್, ಅದನ್ನು ಪಡೆಯಲು ಅಲ್ಲಿ ಯಾರೂ ಇಲ್ಲದಿದ್ದರೆ ಆ ಲಾಭವೆಲ್ಲ ವ್ಯರ್ಥ. ಎಡಬದಿಯ ಜೊತೆಗಾರ ಅಡ್ಡಪಾಸನ್ನು ಮುಂದಕ್ಕೆ ಎಸೆಯದೆ ಮೈಗೆ ಹತ್ತಿರ, ಬ್ಲೇಡಿರುವ ಎಡಕ್ಕೆ ಕೊಡಬೇಕು, ಮತ್ತು ಅರ್ಧ ಗಳಿಗೆ ಮುಂಚೆ ಕೊಡಬೇಕು. ತಾನು ಒತ್ತಡಕ್ಕೆ ಸಿಕ್ಕ ಮೇಲೆ ಆ ಒತ್ತಡವನ್ನೇ ಜೊತೆಗಾರನಿಗೆ ದಾಟಿಸುವ ಚಟವಿರುವವನ ಪಕ್ಕದಲ್ಲಿ ವಿರುದ್ಧ ಬದಿಯವನನ್ನು ಹಾಕಲೇಬಾರದು.

ಋತುವಿನ ನಡುವೆ, ಯಾರಿಗೋ ಗಾಯವಾಯಿತೆಂದು ದಿಢೀರನೆ ಬದಲಿಸುವುದೇ ಹೆಚ್ಚು ಸಲ ಕೆಡುವುದು. ಪಂದ್ಯದ ಬೆಳಗಿನ ಅಭ್ಯಾಸದಲ್ಲಿ ಹತ್ತು ನಿಮಿಷ ಸಿಕ್ಕವನಿಂದ ಹತ್ತು ವರ್ಷದ ಅಭ್ಯಾಸ ಮುರಿಯಲಾಗದು. ಬಫಲೊ ಈ ಬಿಕ್ಕಟ್ಟನ್ನು ವರ್ಷಗಟ್ಟಲೆ ಹೊತ್ತಿತ್ತು: ಡಾಲೀನ್, ಪವರ್, ಬೈರಮ್, ಸ್ಯಾಮ್ಯುಯೆಲ್ಸನ್, ನಾಲ್ವರೂ ಲೆಫ್ಟ್ ಶಾಟ್. ಡಾಲೀನ್, ಬೈರಮ್ ಒಂದೇ ಜೋಡಿಯಾಗಿ ಆಡಿದ ರಾತ್ರಿಗಳಲ್ಲಿ ಒಬ್ಬರು ಬಲಕ್ಕೆ ಹೋಗಲೇಬೇಕಿತ್ತು. 2025ರ ಜೂನ್‌ನಲ್ಲಿ ಫಾರ್ವರ್ಡ್ ಜೆ. ಜೆ. ಪೆಟೆರ್ಕಾ ಅವರನ್ನು ಯೂಟಾಗೆ ಕೊಟ್ಟಾಗ ಬಫಲೊಗೆ ಬಂದ ಇಬ್ಬರಲ್ಲಿ ಮೈಕೆಲ್ ಕೆಸೆಲ್ರಿಂಗ್ ಒಬ್ಬರು. ರೈಟ್ ಶಾಟ್, ಬೇರೆ ಹೇಳಬೇಕಿಲ್ಲ.

ಮೂರನೇ ಜೋಡಿಗೂ ಇಂಥ ಬೆಲೆ ತೆರಬೇಕೆ ಎಂಬುದು ಬೇರೆ ಪ್ರಶ್ನೆ. ಟ್ಯಾಂಪಾ 2021ರಲ್ಲಿ ಡೇವಿಡ್ ಸವಾರ್ಡ್ ಅವರನ್ನು ಕೆಲವೇ ತಿಂಗಳಿಗಾಗಿ ತರಲು ಮೊದಲ ಸುತ್ತಿನ ಪಿಕ್ ಕೊಟ್ಟಿತು; ಮೂರು ಜೋಡಿಯೂ ಎಡ-ಬಲವಾಯಿತು, ಕಪ್ ಕೂಡ ಬಂತು. ಆ ಮಟ್ಟದ ತಂಡಕ್ಕೆ ಅದು ಸರಿಯಾದ ವೆಚ್ಚ. ಕಪ್ಪಿನ ಆಸುಪಾಸಿನಲ್ಲಿಲ್ಲದ ತಂಡ ಹಾಗೆ ಮಾಡಿದರೆ ಅದು ರೂಢಿಗೆ ಕಟ್ಟುವ ಕಂದಾಯ. ರಾತ್ರಿಗೆ ಹದಿಮೂರು ನಿಮಿಷ, ಅದೂ ಎದುರಾಳಿಯ ದುರ್ಬಲ ಸಾಲಿನ ಎದುರು ಆಡುವವನಿಗೆ ಅರ್ಧ ಸೆಕೆಂಡ್ ಹೋದರೂ ಹೋಗಲಿ ಎನ್ನಬಹುದು. ಅಲ್ಲಿ ಚೆನ್ನಾಗಿ ಸ್ಕೇಟ್ ಮಾಡುವ ಲೆಫ್ಟ್ ಶಾಟ್, ಸಾಧಾರಣ ರೈಟ್ ಶಾಟ್‌ಗಿಂತ ಮೇಲು. ಇಪ್ಪತ್ತಮೂರು ನಿಮಿಷ ಆಡುವ ಮೊದಲ ಜೋಡಿಗೆ ಈ ಮಾತು ಹೇಳಲಾಗದು.

ಕೊರತೆಯ ಮೂಲ ಡ್ರಾಫ್ಟಿನಲ್ಲಲ್ಲ, ಐದಾರು ವರ್ಷದ ಮಗುವಿಗೆ ಮೊದಲ ಸ್ಟಿಕ್ ಕೊಡಿಸುವ ಅಂಗಡಿಯಲ್ಲಿದೆ. ಟೊರೊಂಟೊ, ನ್ಯೂ ಜೆರ್ಸಿ, ಬೇ ಏರಿಯಾದ ಕನ್ನಡ ಮನೆಗಳಿಗೂ ಈ ಮಾತು ಸೇರುತ್ತದೆ. ಮನೆಯಂಗಳದಲ್ಲಿ ಪ್ಲಾಸ್ಟಿಕ್ ಬ್ಯಾಟ್ ಹಿಡಿದು ಬೆಳೆದ ಬಲಗೈ ಮಗುವಿನ ಹಿಡಿತ ಎಡಗೈ ಮೇಲೆ, ಬಲಗೈ ಕೆಳಗೆ; ಐಸ್ ಹಾಕಿಯಲ್ಲಿ ಅದು ರೈಟ್ ಶಾಟ್. ಬಲವಾದ ಕೈ ಮೇಲಿರಲಿ ಎಂದು ಅಂಗಡಿಯವರೋ ಮೊದಲ ಕೋಚೋ ತಿರುಗಿಸಿ ಹಿಡಿಸಲು ನೋಡುವುದುಂಟು. ಹಾಗೆ ಮಾಡುವ ಮೊದಲು ಬಾಗಿಲ್ಲದ ನೆಟ್ಟನೆಯ ಬ್ಲೇಡಿನ ಸ್ಟಿಕ್ ಒಂದನ್ನು ನೆಲದ ಮೇಲಿಟ್ಟು, ಏನೂ ಹೇಳದೆ, ಟೆನಿಸ್ ಚೆಂಡೊಂದನ್ನು ಉರುಳಿಸಿ. ಮಗು ಎತ್ತಿ ಹೊಡೆದ ಬದಿ ಯಾವುದೆಂದು ನಾಲ್ಕೈದು ಸಲ ನೋಡಿ. ಪ್ರತಿ ಸಲ ಒಂದೇ ಬದಿ ಬಂದರೆ ಅದೇ ಬದಿಯ ಸ್ಟಿಕ್ ಕೊಡಿಸಿ. ಬದಲಾಗುತ್ತಿದ್ದರೆ ನೆಟ್ಟನೆಯ ಬ್ಲೇಡಿನಲ್ಲೇ ಒಂದು ಚಳಿಗಾಲ ಆಡಲಿ.